ಕಾವಿನ ಪೆಟ್ಟಿಗೆ

ಪುಟ್ಟತಾಯಮ್ಮನ ಗರ್ಭಕಂಠದ ಕ್ಯಾನ್ಸರ್ ಮೂರು ಬಗೆಯ ಔಷಧಿಗೂ ಜಗ್ಗಿರಲಿಲ್ಲ. ಗಡ್ಡೆಯ ಎರಡು ಚೂರುಗಳನ್ನು ಡಾಕ್ಟರು ಲ್ಯಾಬಿನ ಹಳೆಯದೊಂದು, ಹೊಸದೊಂದು ಬೆಚ್ಚನೆಯ ಪೆಟ್ಟಿಗೆಗಳಲ್ಲಿಟ್ಟು ಸಾಕುತ್ತಿದ್ದರು. ಕಾವು ತಪ್ಪಿದರೆ ಅವು ಬದುಕುವುದಿಲ್ಲವಂತೆ. ತನಗೆ ಸಿಗದ ಬಾಣಂತನ ಗಡ್ಡೆಗೆ ನಡೆಯುತ್ತಿದೆಯಲ್ಲ ಎಂದು ಆಕೆ ನಕ್ಕಿದ್ದಳು.

ದಸರಾ ರಜೆಗೆ ಹೊರಡುವ ಮುನ್ನ ಡಾಕ್ಟರು ಹೊಸ ಪೆಟ್ಟಿಗೆಯ ಚೂರಿಗೆ ನ್ಯಾನೊ ಔಷಧಿ ಹನಿಸಿದರು. ಬಂದು ನೋಡಿದರೆ ಅದು ಪೂರ್ತಿ ಸತ್ತಿತ್ತು.

"ಔಷಧಿ ಹಾಕದ್ದು ಹಳೇ ಪೆಟ್ಟಿಗೇಲಿ ಇನ್ನೂ ಬೆಳೀತಿದೆ. ನಾಳೆಯ ಆಪರೇಷನ್ ಬೇಡಮ್ಮ, ಈ ಔಷಧಿನೇ ಏರಿಸೋಣ" ಎಂದರು.

ಡ್ರಿಪ್ ತೊಟ್ಟಿಕ್ಕತೊಡಗಿತು. ಲ್ಯಾಬನ್ನೂ ವಾರ್ಡನ್ನೂ ಗುಡಿಸುವ ಆಯಾ ಭದ್ರಮ್ಮ ಬಂದಳು.

"ಲ್ಯಾಬಿನ ಆ ಹೊಸ ಪೆಟ್ಟಿಗೆ ನನ್ನ ಪಾಲಿನ ದೇವರು ಕಣಮ್ಮ. ಒಂದ್ಸಲ ಕೈ ಮುಗೀಬೇಕು" ಎಂದಳು ಪುಟ್ಟತಾಯಮ್ಮ.

"ನಾನಾಗಲೇ ಮುಗ್ದಿದೀನಿ ಬಿಡಿ ಅಕ್ಕ. ಆಯುಧಪೂಜೆಗೆ ಕುಂಕುಮ ಇಟ್ಟು, ಚೆಂಡುಹೂ ಏರಿಸಿ, ಕುಂಬಳಕಾಯಿನೂ ಒಡೆದೆ. ಆ ಹಳೇ ಡಬ್ಬಕ್ಕೆ ಯಾರು ಹೂ ದಂಡ ಮಾಡ್ತಾರೆ!"

"ಪುಣ್ಯ ಕಟ್ಕೊಂಡೆ ತಾಯಿ."

"ಆ ಹೊಸದು ಹಗಲೂ ರಾತ್ರಿ ದುಡಿಯುತ್ತೆ ಪಾಪ, ಹಬ್ಬಕ್ಕಾದರೂ ಸುಧಾರಿಸ್ಕೊಳ್ಲಿ ಅಂತ ಮೂರು ದಿನ ಸ್ವಿಚ್ ಆರಿಸಿಟ್ಟಿದ್ದೆ."