ಒಂದು ಕಡೆ ದಪ್ಪ

"ಹಲಗೆ ಎಳೆದಿದ್ದು ನೀನೇ ತಾನೆ?"

ಈಶ್ವರ್ ಕೂಗಿದ ರಭಸಕ್ಕೆ ಇಸ್ತ್ರಿ ಗಾಡಿಯ ಮುರುಗೇಶ ಪೆಟ್ಟಿಗೆ ಪಕ್ಕಕ್ಕಿಟ್ಟ.

"ಇಲ್ಲ ಸಾರ್. ಹಿಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟೆ ಅಷ್ಟೆ, ಜಾರ್ದೇ ಇರ್ಲಿ ಅಂತ."

ಮಲ್ಲೇಶ್ವರದ ಆ ಅಡ್ಡರಸ್ತೆ ಇಳಿಜಾರು. ಒಳಗೇ ಅಡುಗೆ, ವಾಸ ಎಲ್ಲ ಮಾಡಬಹುದಾದ ಹೊಸ ಕ್ಯಾರವಾನ್ ಗಾಡಿಯನ್ನು ಮನೆ ಮುಂದೆ ನಿಲ್ಲಿಸಿ, ಒಂದು ಬದಿಯ ಚಕ್ರಗಳಡಿ ಹಲಗೆ ಕೊಟ್ಟು, ಮೂಲೆಗಳಿಗೆ ಜ್ಯಾಕ್ ಇಳಿಸಿ, ಈಶ್ವರ್ ಬೆಳಿಗ್ಗೆಯೆಲ್ಲ ಒದ್ದಾಡಿದ್ದರು. ನೆಲ ಸಮವಾಗಿದೆಯೇ ಎಂದು ನೋಡಲು ಒಳಗೆ ಇಟ್ಟ ಹಳೆಯ ರಸಮಟ್ಟದ ಗುಳ್ಳೆ ನಟ್ಟನಡುವೆ ಬಂದ ಮೇಲೆಯೇ ಬೀದಿಯವರನ್ನು ದೋಸೆಗೆ ಕರೆದದ್ದು.

ಈಗಷ್ಟೇ ಕ್ಯಾರವಾನಿನೊಳಗಿನ ಒಲೆಯಲ್ಲಿ ಹೆಂಡತಿ ಸರ್ವಮಂಗಳಾ ಮೊದಲ ದೋಸೆ ಹುಯ್ದಿದ್ದರು. ಹಿಟ್ಟು ಒಂದೇ ಕಡೆ ಹರಿಯಿತು. ಪೂಜೆಯಲ್ಲಿ ಉಳಿದಿದ್ದ ನಿಂಬೆಹಣ್ಣು ಉರುಳಿ ಬಾಗಿಲಾಚೆ ಬಿತ್ತು. ಎಲ್ಲರೂ ನಕ್ಕರು.

"ಮನೇಲೂ ಹಿಂಗೇ ಅಲ್ವಾ, ಒಂದು ಕಡೆ ದಪ್ಪ," ಎಂದರು ಸರ್ವಮಂಗಳಾ.

"ಅದು ನಿನ್ ಕೈಗುಣ!" ಎಂದರು ಈಶ್ವರ್.

ಆಗಲೇ ಈಶ್ವರ್‌ಗೆ ಮುರುಗೇಶ ಚಕ್ರದ ಬಳಿ ಬಗ್ಗಿದ್ದು ನೆನಪಾಗಿ, ಹೊರಗಿಳಿದು ಕೂಗಿದ್ದು. ಹಳೆಯ ಹಗೆ. ಹನ್ನೊಂದು ವರ್ಷದ ಹಿಂದೆ ಅವನು ಗಾರೆಯವನು. ಅಡುಗೆಮನೆಯ ಕಟ್ಟೆ ಸೊಟ್ಟ ಎಂದು ಇದೇ ಬೀದಿಯಲ್ಲಿ ಬೈದು, ಅದನ್ನು ಒಡೆಸಿ, ಈಶ್ವರ್ ಬೇರೆಯವರಿಂದ ಕಟ್ಟಿಸಿದ್ದರು. ಆಮೇಲೆ ಇಲ್ಲಿ ಯಾರೂ ಅವನನ್ನು ಗಾರೆ ಕೆಲಸಕ್ಕೆ ಕರೆಯಲಿಲ್ಲ. ಈಗ ಅವನ ಇಸ್ತ್ರಿ ಗಾಡಿ ಅದೇ ಇಳಿಜಾರಿನಲ್ಲಿ ಎರಡು ಕಲ್ಲಿನ ಮೇಲೆ ನಿಂತಿದೆ. ಅಂಚಿನವರೆಗೆ ತುಂಬಿದ ನೀರಿನ ಬಟ್ಟಲೂ ತುಳುಕುವುದಿಲ್ಲ.

"ಸೊಟ್ಟ ಮಾಡೋದೇ ನಿನ್ ಕಸುಬು. ಬಾ, ಎಲ್ಲರ ಮುಂದೇನೇ ತೋರಿಸ್ತೀನಿ."

ಈಶ್ವರ್ ಕ್ಯಾರವಾನಿನೊಳಗೆ ಹೋಗಿ ರಸಮಟ್ಟವನ್ನು ಮತ್ತೆ ಅಲ್ಲೇ ಇಟ್ಟರು. ಗುಳ್ಳೆ ನಟ್ಟನಡುವೆ ನಿಂತಿತು.

"ಅಯ್ಯೋ, ಹಲಗೆ ಅಲುಗೇ ಇಲ್ವಲ್ಲ!" ಎಂದರು ಎದುರುಮನೆಯ ಶೈಲಜಮ್ಮ. "ಪಾಪ, ಅವನನ್ನ ಯಾಕ್ರೀ ಬೈದ್ರಿ?"

ಮುರುಗೇಶ ಒಳಗೆ ಹೆಜ್ಜೆ ಇಡಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದ: "ಅದರ ಎಡತುದೀನ ಬಲಕ್ಕೆ ತಿರುಗಿಸಿ ಇಡಿ ಸಾರ್. ರಸಮಟ್ಟ ಸರಿ ಇದ್ರೆ ಗುಳ್ಳೆ ನಡುವೇನೇ ನಿಲ್ಬೇಕು."

ಈಶ್ವರ್ ತಿರುಗಿಸಿದರು. ಗುಳ್ಳೆ ಓಡಿಹೋಗಿ ಅಂಚಿಗೆ ಅಂಟಿಕೊಂಡಿತು.

"ಇದೇ ಕೆಟ್ಟಿರೋದು! ಬಿಸಾಕಿ, ಹೊಸದು ತಗೊಳ್ಳಿ," ಎಂದು ಶೈಲಜಮ್ಮ ನಕ್ಕರು.

ಈಶ್ವರ್ ನಗಲಿಲ್ಲ. ರಸಮಟ್ಟವನ್ನು ಮೆಲ್ಲಗೆ ಬೆನ್ನ ಹಿಂದೆ ಮರೆಮಾಡಿದರು. ಕಿವಿ ಕೆಂಪಾಗಿತ್ತು. ಮುರುಗೇಶನ ಮುಖ ನೋಡಲಾಗದೆ ಕೆಳಗೆ ಬಿದ್ದಿದ್ದ ನಿಂಬೆಹಣ್ಣನ್ನೇ ನೋಡುತ್ತ ನಿಂತರು.

ಸರ್ವಮಂಗಳಾ ಒಲೆ ಆರಿಸಿದರು.

"ಏನೂಂದ್ರೆ, ಅವತ್ತು ಮುರುಗೇಶನ ಕಟ್ಟೆ ಮೇಲೆ ನೀವಿಟ್ಟು ನೋಡಿದ್ದು ಇದನ್ನೇ ಅಲ್ವಾ?"