ಎರಡರಲ್ಲಿ ಬಿದ್ದದ್ದು ಯಾವುದು

"ಇವೆರಡರಲ್ಲಿ ಓರಿನ್‌ನ ಕೊಂದಿದ್ದು ಯಾವುದು ಅಂತ ಹೇಳು ಗುನ್ನಾರ್. ಇನ್ನೊಂದನ್ನ ನಾನು ಇಟ್ಕೋತೀನಿ."

ವರ್ಲೀನ್ ಎರಡು ರಿವಾಲ್ವರುಗಳನ್ನೂ ಬಂದೂಕಿನಂಗಡಿಯ ಗಾಜಿನ ಮೇಜಿನ ಮೇಲಿಟ್ಟಳು. ಅಂಗಡಿಯ ಯಜಮಾನ ಮುದುಕ ಗುನ್ನಾರ್ ಕಾಫಿ ಲೋಟ ಪಕ್ಕಕ್ಕಿಟ್ಟು, ಎರಡೂ ಖಾಲಿಯೆಂದು ಮೊದಲು ಖಾತ್ರಿ ಮಾಡಿಕೊಂಡು, ಆಮೇಲೆ ಅವಳ ಮುಖ ನೋಡಿದ. ಎರಡೂ ನಲವತ್ತನಾಲ್ಕು ಕ್ಯಾಲಿಬರಿನ ದೊಡ್ಡ ಗುಂಡಿನವು. ಒಂದೇ ಕಂಪನಿ, ಒಂದೇ ಉದ್ದದ ನಳಿಗೆ, ಒಂದೇ ಬಗೆಯ ಮರದ ಹಿಡಿ. ಮದುವೆಯಾದ ವರ್ಷ ಗಂಡ ಹೆಂಡತಿ ಜೋಡಿಯಾಗಿ ಕೊಂಡಿದ್ದರು. ಭಾನುವಾರ ಚರ್ಚು ಮುಗಿದ ಮೇಲೆ ಊರಾಚೆಯ ಜಲ್ಲಿ ಗುಂಡಿಗೆ ಹೋಗಿ ತಗಡಿನ ಡಬ್ಬಿಗೆ ಗುಂಡು ಹೊಡೆದು ಉರುಳಿಸುವುದು ಅವರ ಮೋಜು. ಯಾವುದು ಯಾರದೆಂದು ಇಬ್ಬರೂ ಯಾವತ್ತೂ ತಲೆ ಕೆಡಿಸಿಕೊಂಡವರಲ್ಲ. ಅವುಗಳಲ್ಲೊಂದು ಕೆಳಗೆ ಬಿದ್ದು ಗುಂಡು ಹಾರಿ ಗಂಡ ಓರಿನ್ ಸತ್ತಾಗ ಶೆರಿಫ್ ಕಚೇರಿಯ ಪೊಲೀಸರು ಎರಡನ್ನೂ ಒಯ್ದು, ಕೊನೆಗೆ ಎಣ್ಣೆ ಹಚ್ಚಿ ಒಂದೇ ಚೀಲದಲ್ಲಿ ತುಂಬಿ ವಾಪಸು ಕೊಟ್ಟಿದ್ದರು. ಮೂರು ವರ್ಷ ಅವಳು ಗುಂಡಿಯ ಕಡೆ ಸುಳಿದಿರಲಿಲ್ಲ. ಈಗ ಮತ್ತೆ ಹೋಗಬೇಕೆನಿಸಿತ್ತು. ಆದರೆ ಗಂಡನನ್ನು ತಿಂದದ್ದನ್ನು ಕೈಯಲ್ಲಿ ಹಿಡಿದು ಆಟವಾಡುವುದು ಹೇಗೆ?

ಕೈಗೊಂದರಂತೆ ಎತ್ತಿ ಹಿಡಿದಳು. ಎಡಗೈಯದು ಹೆಚ್ಚು ತಣ್ಣಗಿತ್ತು. ಅದಲುಬದಲು ಮಾಡಿದಳು. ಈಗಲೂ ಎಡಗೈಯದೇ ತಣ್ಣಗೆ. ಮನೆಯಲ್ಲೂ ಇದೇ ಕಾಟ. ಇದೇ ಇರಬೇಕೆಂದು ಒಂದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ, ಹೊರಗುಳಿದದ್ದು ತನ್ನನ್ನೇ ನೋಡುತ್ತಿದೆಯೆನಿಸಿ ಬೆನ್ನು ಜುಮ್ಮೆನ್ನುತ್ತಿತ್ತು.

"ನಾಣ್ಯ ಚಿಮ್ಮು ವರ್ಲೀನ್," ಎಂದ ಒಲೆಯ ಪಕ್ಕ ನಿಂತಿದ್ದ ಮೈದುನ ರಾಯ್ಸ್. "ಎರಡೂ ಒಂದೇ. ಕಬ್ಬಿಣಕ್ಕೇನು ನೆನಪಿರುತ್ತಾ?" ಅಣ್ಣ ಹೋದಂದಿನಿಂದ ಅವಳ ಮನೆ ಮುಂದಿನ ಹಿಮ ತೆಗೆಯುವವನು, ಸೌದೆ ಒಡೆದು ಕೊಡುವವನು ಅವನೇ. ಇವತ್ತು ಇಲ್ಲಿಗೆ ಕರೆದುಕೊಂಡು ಬಂದವನೂ ಅವನೇ. ಮೈದುನನೆಂದರೆ ಹೀಗಿರಬೇಕು ಎಂದು ಊರಿಗೆ ಊರೇ ಹೊಗಳುತ್ತಿತ್ತು.

"ಕಬ್ಬಿಣಕ್ಕೇ ಕಣಯ್ಯ ನೆನಪಿರೋದು," ಎಂದ ಗುನ್ನಾರ್. "ಹೆಂಗೆ ಬಿತ್ತು ಅವತ್ತು? ನೋಡಿದವನು ನೀನೊಬ್ಬನೇ ತಾನೆ."

"ಎಷ್ಟು ಸಲ ಹೇಳ್ಲಿ? ಪಿಕಪ್ ಹಿಂಬದಿಯಿಂದ ಜಾರಿ ಬಂಡೆ ಮೇಲೆ ಬಿತ್ತು, ಕುದುರೆ ಕೆಳಗಾಗಿ. ಠಣ್ ಅಂತು, ಢಂ ಅಂತು. ಆ ಸದ್ದು ಇನ್ನೂ ನನ್ನ ಕಿವೀಲಿದೆ."

ಕುದುರೆಯೆಂದರೆ ಗುಂಡಿನ ಬೆನ್ನಿಗೆ ಬಡಿಯುವ ಉಕ್ಕಿನ ಕೊಕ್ಕೆ. ಈ ಹಳೇ ಮಾದರಿಯವಕ್ಕೆ ಗುಂಡಿನ ಗೂಡು ಆರಿದ್ದರೂ ತುಂಬುವುದು ಐದೇ. ಕುದುರೆಯ ಎದುರಿನ ಗೂಡು ಖಾಲಿ ಬಿಡಬೇಕು, ಇಲ್ಲವಾದರೆ ಕೈಜಾರಿ ಬಿದ್ದಾಗ ಗುಂಡು ತಾನಾಗಿ ಹಾರುತ್ತದೆ. ಮೊಂಟಾನಾದ ಆ ಸೀಮೆಯಲ್ಲಿ ಇದು ಮಕ್ಕಳಿಗೂ ಗೊತ್ತು. ಓರಿನ್ ಅಂತೂ ಐದು ತುಂಬಿ, ಇನ್ನೊಮ್ಮೆ ಎಣಿಸಿ ಗೆಳೆಯರಿಂದ ನಗಿಸಿಕೊಳ್ಳುತ್ತಿದ್ದವನು. ಅಂಥವನು ಅವತ್ತೊಂದು ದಿನ ಮೈಮರೆತು ಆರೂ ತುಂಬಿದ್ದನಂತೆ. ವರ್ಲೀನಳಿಗೆ ಅಳುವಿಗಿಂತ ಸಿಟ್ಟೇ ಹೆಚ್ಚಾಗಿತ್ತು. ಮೂರು ವರ್ಷ ಸತ್ತವನ ಫೋಟೊ ಮುಂದೆ ನಿಂತು ಬೈದಿದ್ದಳು, ಪೆದ್ದ, ಪೆದ್ದ ಎಂದು.

"ಬಂಡೆಗೆ ಬಡಿದ ಕುದುರೆಗೆ ಗಾಯ ಆಗ್ಲೇಬೇಕು," ಎನ್ನುತ್ತ ಗುನ್ನಾರ್ ಭೂತಗನ್ನಡಿ ತೆಗೆದ. ಒಂದನ್ನು ದೀಪದಡಿ ಹಿಡಿದು ಬಹಳ ಹೊತ್ತು ನೋಡಿದ. "ಇದು ಬಿದ್ದಿದ್ದಲ್ಲ ಹುಡುಗಿ. ಒಂದು ಗೀರಿಲ್ಲ. ಕಾರ್ಖಾನೆಯ ನೀಲಿ ಬಣ್ಣ ಹಾಗೇ ಕೂತಿದೆ. ಧೈರ್ಯವಾಗಿ ಇಟ್ಕೋ."

ವರ್ಲೀನ್ ಅದನ್ನು ಎದೆಗವಚಿಕೊಂಡು ಗೊಳೋ ಎಂದು ಅತ್ತಳು. ಎಷ್ಟೋ ದಿನದಿಂದ ಹೊತ್ತಿದ್ದ ಭಾರ ಇಳಿದಂತಾಗಿತ್ತು.

"ಸದ್ಯ, ಮುಗೀತಲ್ಲ!" ಎಂದ ರಾಯ್ಸ್. "ಆ ಇನ್ನೊಂದು ಪೀಡೇನ ನಾನೇ ಹೊಳೆಗೆ ಎಸೆದು ಬರ್ತೀನಿ ಬಿಡು. ಹಿಮ ಶುರುವಾಯ್ತು, ಗಾಡಿ ಸ್ಟಾರ್ಟ್ ಮಾಡಿರ್ತೀನಿ." ಹೊರಟೇಬಿಟ್ಟ.

ಗುನ್ನಾರ್ ಭೂತಗನ್ನಡಿ ಒಳಗಿಡಲು ಹೋದ. ವರ್ಲೀನ್ ಕೈ ನೀಡಿದಳು.

"ಕೊಡಿಲ್ಲಿ. ಎಸೆಯೋ ಮುಂಚೆ ಒಂದ್ಸಲ ನೋಡ್ತೀನಿ. ಅವನ ಜೀವ ತೆಗೆದ ಗಾಯ ಎಷ್ಟಿದೆ ಅಂತ."

ಎರಡನೆಯದನ್ನು ದೀಪದಡಿ ಹಿಡಿದಳು. ಕುದುರೆಯ ತುದಿ, ಬೆನ್ನು, ಎರಡು ಮಗ್ಗುಲು. ಕಣ್ಣನ್ನು ನಂಬದೆ ಹೆಬ್ಬೆರಳಿನಿಂದ ಸವರಿದಳು. ಎಲ್ಲಾ ನುಣ್ಣಗಿತ್ತು. ಅದನ್ನು ಗುನ್ನಾರನತ್ತ ಸರಿಸಿದಳು. ಅವನು ನೋಡಿದ, ತಿರುಗಿಸಿ ನೋಡಿದ, ಕನ್ನಡಿ ಒರೆಸಿಕೊಂಡು ಮತ್ತೆ ನೋಡಿದ. ಒಲೆಯಲ್ಲಿ ಸೌದೆ ಚಟಪಟ ಎನ್ನುತ್ತಿತ್ತು.

"ಅವರೇನಾದ್ರೂ ಉಜ್ಜಿ ಹೊಸ ಬಣ್ಣ ಹಾಕಿರಬಹುದಾ?" ಎಂದಳು. ಹೌದೆನ್ನಲಿ ಎಂದು ಅವಳ ಜೀವ ಬೇಡುತ್ತಿತ್ತು.

"ಇಲ್ಲಮ್ಮ. ಹಳೇ ಬಣ್ಣವೇ." ಮುದುಕ ಭೂತಗನ್ನಡಿ ಕೆಳಗಿಟ್ಟ. "ಇದೂ ಬಿದ್ದಿಲ್ಲ."

ಬಿದ್ದಿಲ್ಲವೆಂದರೆ ಗುಂಡು ತಾನಾಗಿ ಹಾರಿದ್ದಲ್ಲ. ಹಾಗಾದರೆ ಓರಿನ್ ಆರನೆಯದನ್ನು ತುಂಬಿರಲಿಲ್ಲ. ಅವನು ಏನನ್ನೂ ಮರೆತಿರಲಿಲ್ಲ. ಮೂರು ವರ್ಷ ವರ್ಲೀನ್ ಬೈದದ್ದು ತಪ್ಪು ಮನುಷ್ಯನನ್ನು.

ಬಾಗಿಲು ತೆರೆಯಿತು. ಭುಜದ ಮೇಲಿನ ಹಿಮ ಕೊಡವುತ್ತ ರಾಯ್ಸ್ ನಗುಮುಖದಿಂದ ಒಳಗೆ ಬಂದು ಕೈ ಚಾಚಿದ.

"ಗಾಡಿ ಬೆಚ್ಚಗಾಗಿದೆ, ಬಾ ವರ್ಲೀನ್. ಎರಡನ್ನೂ ಇಲ್ಲಿ ಕೊಡು, ನಾನು ಹಿಡ್ಕೋತೀನಿ."