ಕುಂಡ ಮಲಗಿದ್ದ ಮಂಚ

ಚಳಿಗಾಲ ಬರುವುದೇ ನಿಂತುಹೋದ ಮೇಲೆ ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಪ್ರತಿಯೊಬ್ಬರಿಗೂ ವರ್ಷಕ್ಕೆ ತೊಂಬತ್ತು ದಿನ ತಂಪಿನಲ್ಲಿ ಮಲಗಲು ಒಂದು ಮಂಚ ಸಿಗುತ್ತಿತ್ತು. ಕಮಲಾಕ್ಷಿ ತನ್ನ ಮಂಚದ ಮೇಲೆ, ಚಳಿಯಲ್ಲಷ್ಟೇ ಮೊಗ್ಗು ಬಿಡುವ, ಕೇಸರಿ ಜಾತಿಯ ಕ್ರೋಕಸ್ ಹೂವಿನ ಗಡ್ಡೆಯ ಕುಂಡ ಇಟ್ಟು, ತಾನು ಮನೆಯ ಸೆಕೆಯಲ್ಲಿ ನಿದ್ದೆಗೆಟ್ಟಿದ್ದಳು. ಎಂಬತ್ತೆಂಟನೆಯ ದಿನ ನೇರಳೆ ಮೊಗ್ಗು ಬಂತು. ಅರಳಲಿಲ್ಲ.

“ಅರಳಾಕ ಬಿಸಲು ಬೇಕು. ಹೊರಗ ಒಯ್ತೀನಿ,” ಎಂದಳು.

“ಒಯ್ದದ್ದನ್ನ ಮತ್ತ ಒಳಗ ಬಿಡಂಗಿಲ್ರಿ ಅಕ್ಕಾರ,” ಎಂದ ಕಾವಲುಗಾರ ಇಮಾಮಸಾಬ. “ಹೊರಗ ನಲವತ್ತೆರಡು ಡಿಗ್ರಿ ಐತಿ. ಗಡ್ಡಿ ಬೆಂದ ಹೋಗತೈತಿ. ಈ ಜಾತಿಯಾಗ ಉಳದಿದ್ದು ಇದೊಂದ.”

“ಇಲ್ಲೇ ಇಟ್ರ ಮೊಗ್ಗಾಗೇ ಸಾಯತೈತಿ, ಇಮಾಮಣ್ಣ.”

ಆಕೆ ಕುಂಡವನ್ನು ಬಾಗಿಲಾಚೆಯ ಕಟ್ಟೆಯ ಮೇಲಿಟ್ಟಳು. ಐದೇ ನಿಮಿಷದಲ್ಲಿ ಆರು ಎಸಳು ಬಿಚ್ಚಿಕೊಂಡವು. ನಡುವೆ ಕಿತ್ತಳೆ ಬಣ್ಣದ ಎಳೆ. ಮಂಚಕ್ಕಾಗಿ ಸರದಿಯಲ್ಲಿ ನಿಂತವರು ಹಾಸಿಗೆ ಸುರುಳಿ ಕೆಳಗಿಟ್ಟು ಸುತ್ತ ನೆರೆದರು.

“ಇಷ್ಟಕ್ಕ ಮೂರು ತಿಂಗಳು ನಿದ್ದಿ ಬಿಟ್ಟಿಯೇನವಾ?” ಎಂದಳೊಬ್ಬ ಮುದುಕಿ. ಆದರೆ ಆಕೆಯೂ ಅಲ್ಲಿಂದ ಕದಲಲಿಲ್ಲ.

ಅರ್ಧ ತಾಸಿಗೆ ಎಸಳು ಜೋತುಬಿದ್ದವು.

“ಇನ್ನ ಎರಡು ದಿನ ಮಂಚ ನಂದ ಐತಲ್ಲ?”

“ಐತ್ರಿ ಅಕ್ಕಾರ.”

ಕಮಲಾಕ್ಷಿ ಒಳಗೆ ಹೋದಳು. ಕುಂಡ ಉಳಿಸಿದ್ದ ದುಂಡನೆಯ ಒದ್ದೆ ಗುರುತಿನ ಮೇಲೇ ತಲೆಯಿಟ್ಟು, ಹಗಲಿನಲ್ಲೇ ನಿದ್ದೆಹೋದಳು.